ಬೆರಿಲ್ ಒಬ್ಬಳೇ ಮೂರು ಲಾಕ್ ಇಳಿದ ಗುರುವಾರ

“ಒಬ್ಳೇ ಅಂದ್ರೆ ಪೂರ್ತಿ ಒಬ್ಳೇನಾ? ನಾನು ಸುಮ್ನೆ ದಂಡೆ ಮೇಲೆ ನಡ್ಕೊಂಡ್ ಬಂದ್ರೂ ಆಗಲ್ವಾ?”

“ಆಗಲ್ಲ ಡೆರಿಕ್.”

“ಬಾಯೇ ಬಿಡಲ್ಲ ಡಕ್, ಆಣೆ ಮಾಡ್ತೀನಿ.”

“ನೀನು ಬಾಯಿ ಬಿಡ್ದೇ ಇರೋದಾ? ನಿನ್ ಹೆಂಡ್ತಿ ಕೇಳಿಸ್ಕೊಂಡ್ರೆ ಗಾಬರಿಯಾಗಿ ಡಾಕ್ಟರ್‌ಗೆ ಫೋನ್ ಮಾಡ್ತಾಳೆ. ಏಯ್, ಆ ಹಗ್ಗ ಮುಟ್ಬೇಡ! ನಾನೇ ಬಿಚ್ತೀನಿ!”

ಹಗ್ಗಕ್ಕೆ ಬಗ್ಗಿದ್ದ ಡೆರಿಕ್ ಎರಡೂ ಕೈ ಮೇಲೆತ್ತಿಕೊಂಡು ನಿಂತುಬಿಟ್ಟ, ಯಾರೋ ಬಂದೂಕು ತೋರಿಸಿದ ಹಾಗೆ. ಕಾಲುವೆಯ ಎಂಡನ್ ದೋಣಿಕಟ್ಟೆಯಲ್ಲಿ ಇಪ್ಪತ್ತು ವರ್ಷದಿಂದ ಅವನದು ಬೆರಿಲ್ ದೋಣಿಯ ಪಕ್ಕದ ದೋಣಿ. ಆ ಊರುಗಳಲ್ಲಿ ಬಸ್ಸಿನ ಡ್ರೈವರಿನಿಂದ ಪಾದ್ರಿಯವರೆಗೆ ಎಲ್ಲರೂ ಎಲ್ಲರನ್ನೂ ಸಲಿಗೆಯಿಂದ ‘ಡಕ್’ ಅಂತಲೇ ಕರೆಯುವುದು, ಆದರೆ ಡೆರಿಕ್ ಬಾಯಲ್ಲಿ ಅದು ಬಂದರೆ ಹಿಂದೆಯೇ ಒಂದು ಉಪದೇಶ ಬರುತ್ತದೆ ಅಂತ ಅರ್ಥ. ಬಂದೇ ಬಂತು.

“ಲಾಕ್ ಒಳಗೆ ಹಗ್ಗ ಬಿಗಿಯಾಗಿ ಕಟ್ಬೇಡ. ನೀರು ಇಳಿಯುತ್ತೆ, ದೋಣಿ ಹಗ್ಗದಲ್ಲೇ ನೇತಾಡುತ್ತೆ. ಆಮೇಲೆ ಹಿಂಭಾಗ ಮೇಲಿನ ಕದದ ಕಲ್ಲು ಹೊಸ್ತಿಲ ಮೇಲೆ ಕೂರದ ಹಾಗೆ—”

“ಡೆರಿಕ್, ಮೂವತ್ತೊಂದು ವರ್ಷ ಲಾಕ್ ಕದ ತೆಗೆದು ಮುಚ್ಚಿದ್ದು ಯಾರು?”

“ನೀನೇ.”

“ಮತ್ತೆ?”

“ಓಡ್ಸಿದ್ದು ಲೆನ್ ಅಲ್ವಾ ಡಕ್.”

ಬೆರಿಲ್ ಕ್ಲೂಲೊ ಅವನಿಗೆ ಬೆನ್ನು ಹಾಕಿ ಹಗ್ಗ ಬಿಚ್ಚತೊಡಗಿದಳು.

ಅವಳಿಗೆ ಅರವತ್ತೇಳು. ಕುಳ್ಳಿ, ಗಟ್ಟಿಮುಟ್ಟು, ಹಿಂದುಗಡೆ ಬೆಲ್ಟಿಗೆ ತೂಬು ತಿರುಗಿಸುವ ಕಬ್ಬಿಣದ ಹಿಡಿಕೆ ಸಿಕ್ಕಿಸಿಕೊಂಡು ನಡೆಯುವಾಗ ಕತ್ತಿ ಕಟ್ಟಿದ ಸಿಪಾಯಿಯ ಹಾಗೆ ಕಾಣುತ್ತಿದ್ದಳು. ಗಂಡ ಲೆನ್‌ಗೆ ಜನವರಿಯಲ್ಲಿ ಲಕ್ವ ಹೊಡೆದಿತ್ತು. ಎಡಗೈ, ಎಡಗಾಲು ಸತ್ತುಹೋಗಿದ್ದವು. ಈಗ ಅವನು ಡೆನ್‌ಫರ್ಡ್ ದಾಟಿದ ಮೇಲೆ ಕಾಲುವೆಯ ದಂಡೆಯಲ್ಲೇ ಇರುವ ಆರೈಕೆ ಮನೆಯಲ್ಲಿದ್ದ. ಮಂಚದಿಂದ ನೋಡಿದರೆ ನೀರು ಕಾಣುತ್ತದೆ. ಕಂಡವರ ದೋಣಿಗಳೆಲ್ಲ ಹೋಗುವುದು ಕಾಣುತ್ತದೆ. ನಾಲ್ಕು ದಿನದ ಹಿಂದೆ ಅವನು ಇದ್ದಕ್ಕಿದ್ದಂತೆ, “ದೋಣಿ ಮಾರ್ಬಿಡು, ಕಾಂಗಲ್ಟನ್‌ನೋನು ಒಬ್ಬ ಶನಿವಾರ ನೋಡಕ್ ಬರ್ತಾನೆ” ಅಂದಿದ್ದ.

“ಮಾರಲ್ಲ,” ಅಂದಿದ್ದಳು ಬೆರಿಲ್.

“ಒಬ್ಳೇ ಹೋಗಿ ಲಾಕ್‌ಗೆ ಬಿದ್ರೆ ಯಾರಿಗ್ ಗೊತ್ತಾಗತ್ತೆ?”

“ಬೀಳಲ್ಲ.”

“ಹಂಗಾದ್ರೆ ಶನಿವಾರದ ಒಳಗೆ ಇಲ್ಲಿಗೆ ತಗೊಂಡ್ ಬಾ. ನನ್ ಕಿಟಕಿ ಮುಂದೆ. ಒಬ್ಳೇ. ಯಾರೂ ಕೈ ಹಾಕ್ಬಾರ್ದು. ತಂದ್ರೆ ಇಟ್ಕೋ.”

ಅರ್ಧ ಬಾಯಲ್ಲಿ ಅಷ್ಟು ಹೇಳಲು ಅವನಿಗೆ ಐದು ನಿಮಿಷ ಹಿಡಿದಿತ್ತು. ಇವಳ ಕೈಲಿ ಆಗುವುದಿಲ್ಲ ಅನ್ನುವ ಧೈರ್ಯದ ಮೇಲೇ ಹೇಳಿದ್ದು ಅಂತ ಬೆರಿಲ್‌ಗೆ ಚೆನ್ನಾಗಿ ಗೊತ್ತಿತ್ತು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಅವಳು ಇಂಜಿನ್ ಹಚ್ಚಿದಳು. ದೋಣಿ ಹೊರಟಿತು. ಅಂದರೆ, ಮೊದಲು ಡೆರಿಕ್‌ನ ದೋಣಿಗೆ ಒಂದು ಸಲ ಗುದ್ದಿ, ಆಮೇಲೆ ಹೊರಟಿತು.

“ಪರ್ವಾಗಿಲ್ಲ ಡಕ್! ಆ ಬಣ್ಣ ಹಳೇದು!” ಅಂತ ಕೂಗಿದ ಡೆರಿಕ್, ಅವಳು ತಿರುವು ದಾಟುವ ಮುಂಚೆಯೇ ಜೇಬಿನಿಂದ ಫೋನ್ ತೆಗೆದ. ಆರೈಕೆ ಮನೆಗೆ ಸುದ್ದಿ ಮುಟ್ಟಿಸದೆ ಅವನಿಗೆ ತಿಂದದ್ದು ಅರಗುವುದಾದರೂ ಹೇಗೆ!

ದೋಣಿಯ ಹೆಸರು ಆಗ್ನೆಸ್. ಬೆರಿಲ್‌ನ ಅತ್ತೆಯ ಹೆಸರು. ಅಂಚಿನವರೆಗೆ ನೀರು ತುಂಬಿ ಕೆಸರಲ್ಲಿ ಕೂತಿದ್ದ ಆ ಹಳೇ ದೋಣಿಯನ್ನು ಕೊಂಡು ಮೇಲೆತ್ತಿದ ವರ್ಷ, ಲೆನ್ ಹೆಂಡತಿಯನ್ನು ಒಂದು ಮಾತೂ ಕೇಳದೆ ಬದಿಯಲ್ಲಿ ಅಮ್ಮನ ಹೆಸರು ಬರೆಸಿಬಿಟ್ಟಿದ್ದ. “ಬದುಕಿದ್ದಾಗ ಅತ್ತೆ ಬೆನ್ನು ಉಜ್ಜಿಲ್ಲ ಅಂತ ಈಗ ವರ್ಷಕ್ಕೆರಡು ಸಲ ಬ್ರಷ್ ಹಾಕಿ ಉಜ್ತೀನಿ” ಅಂತ ಬೆರಿಲ್ ತಾನು ಕೆಲಸ ಮಾಡುತ್ತಿದ್ದ ಪಿಂಗಾಣಿ ಕಾರ್ಖಾನೆಯ ಗೆಳತಿಯರ ಹತ್ತಿರ ಹೇಳಿ ನಗಿಸುತ್ತಿದ್ದಳು. ಆ ಗೆಳತಿಯರಿಗೆ ಲಾಕ್ ಅಂದರೆ ಏನೆಂದು ತಿಳಿಸಿದ್ದೂ ಅವಳೇ: “ನೀರಿನ ಮೆಟ್ಲು ಕಣ್ರೇ. ಆ ಕಡೆ ಕದ, ಈ ಕಡೆ ಕದ, ಮಧ್ಯ ಕಲ್ಲಿನ ತೊಟ್ಟಿ. ದೋಣಿ ಒಳಗೆ ಬಿಟ್ಟು ಮೇಲಿನ ಕದ ಹಾಕಿ ಕೆಳಗಿನ ತೂಬು ಎತ್ತಿದ್ರೆ ನೀರು ಇಳಿಯುತ್ತೆ, ದೋಣಿನೂ ಇಳಿಯುತ್ತೆ. ಕೆಳಗಿನ ಕದ ತೆಗೆದು ಹೊರಗೆ ಹೋಗೋದು. ಅಷ್ಟೇ.”

“ಅಷ್ಟೇ ಆದ್ರೆ ನಿನ್ ಗಂಡ ಯಾಕೆ ಮಾಡಲ್ಲ?” ಅಂತ ಅವರು ಕೇಳುತ್ತಿದ್ದರು.

ಒಳ್ಳೆ ಪ್ರಶ್ನೆಯೇ. ಆದರೆ ಕಾಲುವೆಯ ಉದ್ದಕ್ಕೂ ನೋಡಿ, ಎಲ್ಲ ದೋಣಿಗಳದ್ದೂ ಇದೇ ಕತೆ: ಗಂಡಸು ಹಿಂದೆ ಚುಕ್ಕಾಣಿ ಹಿಡಿದು ಟೀ ಕುಡಿಯುತ್ತ ನಿಂತಿರುತ್ತಾನೆ, ಹೆಂಗಸು ಒಂದು ಟನ್ ತೂಕದ ಕದಕ್ಕೆ ಬೆನ್ನು ಕೊಟ್ಟು ತಳ್ಳುತ್ತಿರುತ್ತಾಳೆ. ಬೆರಿಲ್‌ಗೆ ಅದರಲ್ಲಿ ಬೇಸರ ಇರಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಅದೇ ಇಷ್ಟ. ಲಾಕ್ ಬರುವುದಕ್ಕೆ ಸ್ವಲ್ಪ ಮುಂಚೆ ಲೆನ್ ದೋಣಿಯನ್ನು ದಂಡೆಗೆ ಒತ್ತುತ್ತಿದ್ದ, ಅವಳು ಚಂಗನೆ ಇಳಿದು ಮುಂದೆ ನಡೆದುಬಿಡುತ್ತಿದ್ದಳು. ಆ ನೂರು ಹೆಜ್ಜೆ ಅವಳೊಬ್ಬಳದೇ. ಹುಲ್ಲಿನ ವಾಸನೆ, ಹಿಂದೆ ಇಂಜಿನ್ನಿನ ಟುಕುಟುಕು, ಮುಂದೆ ಲಾಕಿನ ಕದ ತಳ್ಳುವ ಕಪ್ಪುಬಿಳುಪು ತೊಲೆ. ಇಂಜಿನ್ ಸದ್ದಿಗೆ ಮಾತು ಕೇಳಿಸುವುದಿಲ್ಲವಾದ್ದರಿಂದ ಗಂಡಹೆಂಡಿರ ಸಂಸಾರವೆಲ್ಲ ಕೈಸನ್ನೆಯಲ್ಲೇ. ಒಂದು ಕೈ ಎತ್ತಿದರೆ ‘ಬಾ’. ಎರಡೂ ಅಂಗೈ ಕೆಳಗೆ ಒತ್ತಿದರೆ ‘ತಡಿ’. ಸೊಂಟದ ಮೇಲೆ ಕೈ ಇಟ್ಟರೆ ‘ನಿನಗೆ ಕಣ್ಣು ಕಾಣಲ್ವಾ’. ಎಷ್ಟೋ ಜಗಳಗಳು ಒಂದು ಶಬ್ದವೂ ಇಲ್ಲದೆ ಮೂರನೇ ಲಾಕಿನಲ್ಲಿ ಶುರುವಾಗಿ ಏಳನೆಯದರಲ್ಲಿ ಮುಗಿದಿದ್ದವು.

ಈಗ ಅವಳು ಅವನ ಜಾಗದಲ್ಲಿ ನಿಂತಿದ್ದಳು. ಮೊದಲ ಅರ್ಧ ಮೈಲಿ ಆಗ್ನೆಸ್ ಕುಡಿದವರ ಹಾಗೆ ಹೋಯಿತು. ಎಡಕ್ಕೆ ಅಂದರೆ ಬಲಕ್ಕೆ, ಬಲಕ್ಕೆ ಅಂದರೆ ಪೊದೆಗೆ. ಬೆರಿಲ್ ಚುಕ್ಕಾಣಿಯನ್ನು ಆ ಕಡೆ ತಳ್ಳಿ, ಈ ಕಡೆ ಎಳೆದು, ಬೆವೆತು, ಸತ್ತ ಅತ್ತೆಗೆ ಬೈದಳು. ಎದುರಿಗೆ ಬಂದ ಬಾತುಗಳ ಸಂಸಾರ ಎರಡು ಪಾಲಾಗಿ ಎರಡೂ ದಂಡೆ ಹತ್ತಿಬಿಟ್ಟಿತು.

ಆಗ ಅವಳಿಗೆ ತನ್ನ ಹಳೇ ಬೆಂಚು ನೆನಪಾಯಿತು.

ಹದಿನೈದನೇ ವಯಸ್ಸಿಗೆ ಅವಳು ಹ್ಯಾನ್ಲಿಯ ಪಿಂಗಾಣಿ ಕಾರ್ಖಾನೆ ಸೇರಿದ್ದಳು. ಬಟ್ಟಲುಗಳ ಅಂಚಿಗೆ ಚಿನ್ನದ ಗೆರೆ ಎಳೆಯುವ ಕೆಲಸ. ನಲವತ್ತು ಹುಡುಗಿಯರು, ನಲವತ್ತು ತಿರುಗುವ ಗಾಲಿ, ರೇಡಿಯೋ ಜೊತೆ ಎಲ್ಲರೂ ಸೇರಿ ಹಾಡು. ಕಿಟಕಿಯ ಕೆಳಗೇ ಈ ಕಾಲುವೆ. ಬಟ್ಟಲು, ಸಾಸರುಗಳನ್ನು ತುಂಬಿಕೊಂಡ ದೋಣಿಗಳು ನಿದ್ದೆಗಣ್ಣಲ್ಲಿ ಹೋಗುವ ಹಾಗೆ ಹೋಗುತ್ತಿದ್ದವು. ಲಾರಿಯಲ್ಲಾದರೆ ಕುಲುಕಿ ಒಡೆಯುತ್ತವೆ, ನೀರಲ್ಲಾದರೆ ಒಂದೂ ಒಡೆಯುವುದಿಲ್ಲ. ಪಿಂಗಾಣಿ ಸುಡುವ ಗೂಡಿನ ಕೆಲಸದ ಲೆನ್, ಮೈಯೆಲ್ಲ ಬಿಳಿ ಧೂಳು, ಊಟದ ಹೊತ್ತಿಗೆ ಆ ದಂಡೆಯ ಮೇಲೆ ಕೂತು ಓಟ್ಸ್ ದೋಸೆಯಲ್ಲಿ ಚೀಸ್ ಸುತ್ತಿಕೊಂಡು ತಿನ್ನುತ್ತ ಮೇಲೆ ನೋಡುತ್ತಿದ್ದ. ಅವನು ನೋಡಿದಾಗೆಲ್ಲ ಬೆರಿಲ್‌ನ ಗೆರೆ ಸೊಟ್ಟಗಾಗುತ್ತಿತ್ತು. ಮೇಸ್ತ್ರಿ ಹೆಂಗಸು ಹಿಂದೆ ಬಂದು ನಿಂತು, “ಕುಂಚ ಆಡ್ಸ್ಬೇಡ ಹುಡ್ಗಿ! ಕೈ ಕಲ್ಲಾಗಿರ್ಲಿ, ಬಟ್ಲು ತಾನೇ ತಿರುಗುತ್ತೆ. ಕುಂಚದ ತುದಿ ನೋಡ್ಬೇಡ, ಗೆರೆ ಎಲ್ಲಿಗ್ ಹೋಗ್ಬೇಕೋ ಅಲ್ಲಿ ನೋಡು!” ಅನ್ನುತ್ತಿದ್ದಳು. ಈಗ ಆ ಕಾರ್ಖಾನೆಯೂ ಇಲ್ಲ, ಗೂಡೂ ಇಲ್ಲ, ಆ ಹಾಡುಗಳನ್ನು ಪೂರ್ತಿ ಬಲ್ಲವರು ಊರಲ್ಲಿ ನಾಲ್ಕು ಜನ ಸಿಕ್ಕರೆ ಹೆಚ್ಚು.

ಬೆರಿಲ್ ಕೈ ಕಲ್ಲು ಮಾಡಿಕೊಂಡಳು. ದೋಣಿಯ ಮೂತಿ ನೋಡುವುದನ್ನು ಬಿಟ್ಟು ದೂರದ ಸೇತುವೆಯ ಕಮಾನು ನೋಡಿದಳು. ಆಗ್ನೆಸ್ ಒಂದು ಸಲ ಅಲುಗಾಡಿ, ನೆಟ್ಟಗಾಗಿ, ಮಜ್ಜಿಗೆಯಲ್ಲಿ ಚಮಚ ಹೋದ ಹಾಗೆ ನುಣ್ಣಗೆ ಹೋಯಿತು. ಅಯ್ಯೋ, ಇಷ್ಟೇನಾ! ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಒಬ್ಬಳೇ ಗಟ್ಟಿಯಾಗಿ ಹಾಡು ಶುರು ಮಾಡಿದಳು. ಮೊದಲ ಚರಣ, ಎರಡನೇ ಚರಣ, ಬಿಸಿಲು, ಸೋಮವಾರವಷ್ಟೇ ಚಿಗುರಿದಂತಿದ್ದ ಮರಗಳು, ಹೇಜಲ್‌ಹರ್ಸ್ಟ್‌ನ ಬಿಳಿ ಕಬ್ಬಿಣದ ಸೇತುವೆ. ಅಲ್ಲಿ ಕಾಲುವೆ ಕವಲಾಗುತ್ತದೆ: ನೇರ ಹೋದರೆ ಲೀಕ್ ಊರು, ಎಡಕ್ಕೆ ಹೊರಳಿದರೆ ಮೂರು ಲಾಕ್ ಇಳಿದು ಡೆನ್‌ಫರ್ಡ್. ವೇಗ ತಗ್ಗಿತು, ದೋಣಿ ದಂಡೆಗೆ ಒರಗಿತು. ಬೆರಿಲ್ ಬೆನ್ನ ಹಿಂದಿನ ಹಿಡಿಕೆ ಕೈಗೆ ತೆಗೆದುಕೊಂಡು, ಮೂವತ್ತೊಂದು ವರ್ಷದಿಂದ ಇಳಿದ ಜಾಗದಲ್ಲೇ ಚಂಗನೆ ಇಳಿದು, ಲಾಕಿನ ಕಡೆ ನಡೆದಳು.

ಮೂರನೇ ಚರಣ ಹಾಡುತ್ತ ಇಪ್ಪತ್ತು ಹೆಜ್ಜೆ ಹೋಗಿದ್ದಳು.

“ಅಮ್ಮಾ!” ಸೇತುವೆಯ ಆಚೆಯಿಂದ ಯಾರೋ ಕೂಗಿದರು. “ಆ ದೋಣಿ ನಿಮ್ದಾ?”

“ಹೌದು!”

“ಅದು ನಿಮ್ಮನ್ನ ಬಿಟ್ಟು ಲೀಕ್‌ಗೆ ಹೋಗ್ತಿದೆ!”

ಬೆರಿಲ್ ತಿರುಗಿ ನೋಡಿದಳು. ಆಗ್ನೆಸ್ ಚುಕ್ಕಾಣಿಯ ಹತ್ತಿರ ಒಂದು ನರಪಿಳ್ಳೆಯೂ ಇಲ್ಲದೆ, ಟುಕುಟುಕು ಅಂತ, ಪೇಟೆಗೆ ಹೊರಟ ಮುದುಕಿಯ ಗತ್ತಿನಲ್ಲಿ ನೇರ ಕವಲಿನೊಳಗೆ ಸಾಗುತ್ತಿತ್ತು. ಗೇರ್ ಕೂಡ ತೆಗೆದಿರಲಿಲ್ಲ. ಯಾಕೆ ತೆಗೆಯಬೇಕು? ಅದು ಲೆನ್ ಕೆಲಸ!

ಅವಳು ಓಡಿದಳು. ಹೋದ ವರ್ಷ ಬಸ್ಸು ತಪ್ಪಿದಾಗಲೂ ಓಡದವಳು, ಹಿಡಿಕೆ ಬೀಸುತ್ತ, “ನಿಲ್ಲೇ ಆಗ್ನೆಸ್! ನಿಲ್ಲೇ ದರಿದ್ರದವಳೇ!” ಅಂತ ಕಿರುಚುತ್ತ ಓಡಿದಳು. ಗಾಳ ಹಾಕಿ ಕೂತಿದ್ದ ದಪ್ಪ ಮನುಷ್ಯ ಕುರ್ಚಿ ಸಮೇತ ಹಿಂದೆ ಸರಿದ. ಕೂಗಿದವನು ಅವನೇ. ದೋಣಿ ಅವನ ಮೀನಿನ ಬಲೆಯನ್ನು ಗೇಣಿನಷ್ಟರಲ್ಲಿ ತಪ್ಪಿಸಿ, ತಿರುವಿನ ಹತ್ತಿರ ಯೋಚನೆ ಬದಲಾಯಿಸಿದ ಹಾಗೆ ಓರೆಯಾಗಿ, ಬಾಗಿದ ವಿಲ್ಲೋ ಮರದೊಳಕ್ಕೆ ಮೂತಿ ತೂರಿಸಿ ನಿಂತಿತು.

ಬೆರಿಲ್ ಮುಂಭಾಗದಿಂದ ಹತ್ತಿ, ಕೊಂಬೆಗಳ ಕೈಲಿ ಹೊಡೆಸಿಕೊಳ್ಳುತ್ತ, ಅಂಚಿನ ಮೇಲೆ ಅಡ್ಡಡ್ಡ ಹೆಜ್ಜೆ ಇಟ್ಟು ಹಿಂದಕ್ಕೆ ಬಂದು ಇಂಜಿನ್ ಆರಿಸಿದಳು. ಸದ್ದು ನಿಂತಿತು. ಲೆನ್ ಹೇಳಿದ್ದೇ ಸರಿಯೇನೋ ಅಂತ ಅನ್ನಿಸಿದ್ದು ಆಗಲೇ. ಚೀಲದಲ್ಲಿ ಫೋನ್ ಇತ್ತು. ಒಂದು ಫೋನ್ ಮಾಡಿದರೆ ಡೆರಿಕ್ ಕಾಲು ಗಂಟೆಯಲ್ಲಿ ಬರುತ್ತಾನೆ. ಶನಿವಾರ ಕಾಂಗಲ್ಟನ್‌ನವನೂ ಬರುತ್ತಾನೆ.

“ಹಿಂದಕ್ಕೆ ಓಡ್ಸ್ತೀರಾ?” ದಪ್ಪ ಮನುಷ್ಯ ಬಂದು ನಿಂತಿದ್ದ.

“ಮುಂದಕ್ಕೇ ಇವತ್ತು ಕಲ್ತಿದ್ದು. ಹಿಂದಕ್ಕೆ ಬೇರೆಯಾ? ಎಳ್ಕೊಂಡ್ ಹೋಗ್ತೀನಿ.”

“ನಾನೂ ಒಂದು ಕೈ ಹಾಕ್ತೀನಿ, ಕೊಡಿ ಹಗ್ಗ.”

“ಮುಟ್ಬೇಡಿ!”

ಅವನೂ ಡೆರಿಕ್ ಹಾಗೇ ಕೈ ಎತ್ತಿದ. ಬೆರಿಲ್ ಉಸಿರು ತೆಗೆದುಕೊಳ್ಳುತ್ತ ಲೆನ್‌ನ ಶರತ್ತು, ಕಿಟಕಿ, ಶನಿವಾರ ಎಲ್ಲ ಒಂದೇ ಗುಕ್ಕಿನಲ್ಲಿ ಹೇಳಿಬಿಟ್ಟಳು.

“ನಾನು ಯಾರಿಗೂ ಹೇಳಲ್ಲ ಡಕ್,” ಅಂದ ಅವನು ಮೆತ್ತಗೆ. “ಇಲ್ಲಿ ನೋಡೋರು ಯಾರಿದಾರೆ? ಮೀನು.”

“ನಂಗೊತ್ತಾಗತ್ತಲ್ಲಪ್ಪ.”

ಅವನು ತಲೆಯಾಡಿಸಿ, ಗಾಳ ಎತ್ತಿ, ದಾರಿ ಬಿಟ್ಟು ಕೂತ. ಬೆರಿಲ್ ಹಿಂಭಾಗದ ಹಗ್ಗ ಹೆಗಲಿಗೆ ಹಾಕಿಕೊಂಡು, ಹಿಂದಿನ ಕಾಲದಲ್ಲಿ ಕುದುರೆ ಎಳೆಯುತ್ತಿದ್ದ ಹಾಗೆ, ಬಗ್ಗಿ ಎಳೆದಳು. ಮೊದಲು ಅಲುಗಲೇ ಇಲ್ಲ. ಆಮೇಲೆ ಒಂದು ಅಂಗುಲ. ಆಮೇಲೆ ಹದಿನೈದು ಟನ್ ಅತ್ತೆ ಬಹಳ ಬೇಸರದಿಂದ ಹಿಂದಕ್ಕೆ ಬಂದಳು. ನೂರು ಗಜ ಎಳೆಯಲು ಒಂದು ಗಂಟೆ ಆಯಿತು. ನಡುವೆ ಎರಡು ಸಲ ಕೂತಳು, ಒಂದು ಸಲ ಅತ್ತಳು, ತುಂಬಾ ಏನಲ್ಲ, ಮೂಗು ಒರೆಸಿಕೊಳ್ಳುವಷ್ಟು. ಕೂತಾಗ ದಪ್ಪ ಮನುಷ್ಯ ದೂರದಿಂದಲೇ, “ಬಿಸ್ಕತ್ ಎಸೀಲಾ? ಅದು ಸಹಾಯದಲ್ಲಿ ಬರಲ್ಲ ತಾನೇ?” ಅಂತ ಕೇಳಿದ. ಬಿಸ್ಕತ್ ಸಹಾಯದಲ್ಲಿ ಬರುವುದಿಲ್ಲ ಅಂತ ಇಬ್ಬರೂ ತೀರ್ಮಾನಿಸಿದರು.

ಕವಲು ಮುಗಿದು ಎಡಕ್ಕೆ ತಿರುಗಿದ ಮೇಲೆ ಅವಳು ಒಂದು ನಿಯಮ ಮಾಡಿಕೊಂಡಳು. ಕಾಲು ದೋಣಿಯಿಂದ ಇಳಿಯುವಾಗ ಕೈಯಲ್ಲಿ ಮಧ್ಯದ ಹಗ್ಗ ಇರಲೇಬೇಕು. ಹಗ್ಗ ಗೂಟಕ್ಕೆ ಸುತ್ತುವವರೆಗೆ ಹಾಡೂ ಇಲ್ಲ, ಪಾಡೂ ಇಲ್ಲ.

ಮೊದಲ ಲಾಕಿನ ತೊಟ್ಟಿಯಲ್ಲಿ ನೀರು ಇಳಿದಿತ್ತು. ದೋಣಿ ಕಟ್ಟಿ, ಗೇರ್ ತೆಗೆದು, ತೆಗೆದಿದೆಯಾ ಅಂತ ಇನ್ನೊಂದು ಸಲ ನೋಡಿ, ನಡೆದು ಹೋಗಿ ಮೇಲಿನ ತೂಬು ಎತ್ತಿದಳು. ಹಲ್ಲಿನ ಚಕ್ರದ ಮೇಲೆ ಕೊಕ್ಕೆ ಟಿಕ್ ಟಿಕ್ ಟಿಕ್ ಅಂತ ಬೀಳುವ ಆ ಸದ್ದು! ಅದೊಂದೇ ಅವಳ ಕೈಕಾಲಿಗೆ ಬಲ ಕೊಟ್ಟಿತು. ತೊಟ್ಟಿ ತುಂಬಿತು. ಬೆನ್ನು ಕೊಟ್ಟು ಕದ ತೆರೆದು, ಲಾಕಿನ ತುದಿಗೆ ಬಂದು ನಿಂತು, ಅವಳು ಒಂದು ಕೈ ಮೇಲೆತ್ತಿದಳು.

ಮೂವತ್ತು ಗಜ ಆಚೆ ದೋಣಿ ಸುಮ್ಮನೆ ನಿಂತಿತ್ತು.

ಕೈಯನ್ನು ನಿಧಾನಕ್ಕೆ ಇಳಿಸಿ, “ಸರಿ ಬಿಡು, ನಾನೇ ಬರ್ತೀನಿ,” ಅಂದಳು ಗಾಳಿಗೆ.

ಒಳಗೆ ತರುವಾಗ ಎರಡೂ ಬದಿಗೆ ಅಂಗೈಯಷ್ಟೂ ಜಾಗ ಇಲ್ಲ. ಕೈ ಕಲ್ಲಾಯಿತು, ಕಣ್ಣು ಕೆಳಗಿನ ಕದದ ಮೇಲೆ ನಿಂತಿತು, ಆಗ್ನೆಸ್ ಒಂದೇ ಒಂದು ಸಲ ಗೋಡೆಗೆ ಮೈ ಉಜ್ಜಿ ಒಳಗೆ ಜಾರಿತು. ಹಗ್ಗ ಹಿಡಿದು ದಂಡೆಗೆ ಇಳಿದಳು, ಗೂಟಕ್ಕೆ ಒಂದು ಸುತ್ತು, ಸಡಿಲ. ಮೇಲಿನ ಕದ ಮುಚ್ಚು, ಮೇಲಿನ ತೂಬು ಇಳಿಸು, ಓಡು, ಕೆಳಗಿನ ತೂಬು ಎತ್ತು, ಆದರೆ ಪೂರ್ತಿ ಬೇಡ, ಅರ್ಧ; ಬಂದು ಹಗ್ಗ ನೋಡು, ದೋಣಿಯ ಹಿಂಭಾಗ ಹೊಸ್ತಿಲಿನಿಂದ ಮುಂದಿದೆಯಾ ನೋಡು, ಆಮೇಲೆ ಉಳಿದರ್ಧ. ನೀರು ಇಳಿಯಿತು. ಆಗ್ನೆಸ್ ಹಸಿರು ಪಾಚಿಯ ಗೋಡೆಗಳ ನಡುವೆ ಬಾವಿಗಿಳಿದ ಹಾಗೆ ಇಳಿಯಿತು. ಕೆಳಗಿನ ಎರಡು ಕದಗಳಲ್ಲಿ ಒಂದನ್ನು ತೆಗೆದು, ಅದರ ಮೇಲಿಂದ ಇನ್ನೊಂದಕ್ಕೆ ದಾಟಬೇಕು. ನಲವತ್ತರಲ್ಲಿ ಅವಳು ಅದನ್ನು ಹಾರಿ ದಾಟುತ್ತಿದ್ದಳು. ಈ ಸಲ ಅಂಚಿಗೆ ಬಂದು ನಿಂತಳು. ಕೆಳಗೆ ಕಪ್ಪು ನೀರು ನೋಡಿದಳು. ಬಿದ್ದರೆ ಯಾರಿಗೆ ಗೊತ್ತಾಗುತ್ತದೆ? ದಾಟಲಿಲ್ಲ. ಕೆಳಗಿನ ಸೇತುವೆ ಸುತ್ತಿಕೊಂಡು ಹೋಗಿ ಇನ್ನೊಂದು ಕದ ತೆಗೆದಳು. ಹತ್ತು ನಿಮಿಷ ಹೆಚ್ಚು ಹೋಯಿತು, ಹೋಗಲಿ. ಏಣಿ ಇಳಿದು ದೋಣಿ ಹೊರಗೆ ತಂದು ಕಟ್ಟಿ, ವಾಪಸ್ ಹತ್ತಿ ಹೋಗಿ ಎರಡೂ ಕದ ಮುಚ್ಚಿ ತೂಬು ಇಳಿಸಿದಳು. ಇಷ್ಟಾದರೆ ಒಂದು ಲಾಕ್. ಇನ್ನೆರಡು ಇದ್ದವು. ಎರಡನೆಯದರಲ್ಲಿ ಮಂಡಿ ತರಚಿತು. ಮೂರನೆಯದರಲ್ಲಿ ಏನೂ ಆಗಲಿಲ್ಲ, ಅದಕ್ಕೇ ಅದರ ನೆನಪೂ ಅವಳಿಗೆ ಉಳಿಯಲಿಲ್ಲ.

ಆರೈಕೆ ಮನೆಯ ಹುಲ್ಲುಹಾಸು ಕಂಡಾಗ ನಾಲ್ಕು ದಾಟಿತ್ತು. ಲೆನ್ ಕಿಟಕಿಯಲ್ಲಿ ಇರಲಿಲ್ಲ. ನೀರಿನ ಅಂಚಿಗೇ ಗಾಲಿಕುರ್ಚಿ ತರಿಸಿಕೊಂಡು, ಕಂಬಳಿ ಹೊದ್ದು ಕೂತಿದ್ದ. ಹಿಂದೆ ಅವನನ್ನು ನೋಡಿಕೊಳ್ಳುವ ಪ್ರಿಸ್ಕಾ, ಜಿಂಬಾಬ್ವೆಯ ಹುಡುಗಿ, ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

“ಹನ್ನೆರಡು ಗಂಟೆಯಿಂದ ಇಲ್ಲೇ!” ಪ್ರಿಸ್ಕಾ ದೂರದಿಂದಲೇ ದೂರು ಶುರು ಮಾಡಿದಳು. “ಊಟ ಬೇಡ್ವಂತೆ. ಒಳಗೆ ಕರ್ಕೊಂಡ್ ಹೋಗಕ್ ನೋಡಿದ್ರೆ ಬ್ರೇಕ್ ಹಾಕ್ಕೋತಾರೆ. ಪೊಲೀಸ್‌ಗೆ ಫೋನ್ ಮಾಡು ಅಂತ ಮೂರ್ ಸಲ ಹೇಳಿದ್ರು ನಂಗೆ!”

ಬೆರಿಲ್ ದೂರ ನೋಡುತ್ತ, ವೇಗ ತಗ್ಗಿಸಿ, ಗೇರ್ ತೆಗೆದು, ಹಗ್ಗ ಹಿಡಿದುಕೊಂಡೇ ಇಳಿದು, ದೋಣಿಯನ್ನು ಗಂಡನ ಮುಂದೆ ಮೊಳದಷ್ಟೂ ಆಚೀಚೆ ಇಲ್ಲದೆ ನಿಲ್ಲಿಸಿ ಕಟ್ಟಿದಳು. ಲೆನ್ ಅವಳನ್ನು ನೋಡಲಿಲ್ಲ, ದೋಣಿಯನ್ನು ನೋಡಿದ. ಮೂತಿಯಿಂದ ಬಾಲದವರೆಗೆ, ಬಾಲದಿಂದ ಮೂತಿಯವರೆಗೆ. ಮುಂಭಾಗದ ಮೇಲೆ ವಿಲ್ಲೋ ಎಲೆಗಳು, ಒಂದು ಪೂರ್ತಿ ಕೊಂಬೆ.

“ಈ ಎಲೆ...” ಅಂದ ಲೆನ್. ಮಾತು ಹುಡುಕಲು ಅವನಿಗೆ ಸಮಯ ಬೇಕಿತ್ತು. “ಈ ಮರ ಲೀಕ್ ದಾರೀಲಿ ಇರೋದು.”

“ಹೌದು.”

“ಲೀಕ್‌ಗೆ ಯಾಕ್ ಹೋದೆ?”

“ನಾನ್ ಹೋಗ್ಲಿಲ್ಲ. ನಿಮ್ಮಮ್ಮ ಹೋದ್ರು.”

ಆಮೇಲೆ ಎಲ್ಲ ಹೇಳಿದಳು. ಹಿಡಿಕೆ ತೆಗೆದುಕೊಂಡು ಹಾಡಿಕೊಂಡು ಇಳಿದು ನಡೆದದ್ದು, ದಪ್ಪ ಮನುಷ್ಯ ಕೂಗಿದ್ದು. ಲೆನ್‌ನ ಭುಜ ಅಲುಗತೊಡಗಿತು. ಪ್ರಿಸ್ಕಾ ಗಾಬರಿಯಾಗಿ ಬಗ್ಗಿ ನೋಡಿದರೆ, ಅವನು ನಗುತ್ತಿದ್ದ. ಅರ್ಧ ಮುಖದಲ್ಲೇ, ಕಣ್ಣಲ್ಲಿ ನೀರು ಸುರಿಯುವ ಹಾಗೆ. ಜನವರಿಯಿಂದ ಮೊದಲನೇ ಸಲ.

“ಅವ್ನು ಹಗ್ಗ ಎಳೆದ್ನಾ?”

“ಇಲ್ಲ. ಬಿಸ್ಕತ್ ಎಸೆದ.”

“ಕದ ಹಾರಿದ್ಯಾ?”

“ಸುತ್ಕೊಂಡ್ ಹೋದೆ. ಮೂರೂ ಸಲ.”

ಸುತ್ತಿಕೊಂಡು ಹೋದ ಆ ಮಾತೇ ಅವನಿಗೆ ಬೇಕಾಗಿದ್ದದ್ದು ಅಂತ ಬೆರಿಲ್‌ಗೆ ಅವನ ಬಲಗೈ ತನ್ನ ತೋಳು ಹಿಡಿದಾಗ ಅರ್ಥವಾಯಿತು.

“ಪ್ರಿಸ್ಕಾ,” ಅಂದ ಲೆನ್. “ಕಾಂಗಲ್ಟನ್‌ನೋನಿಗೆ ಫೋನ್ ಮಾಡು. ಬರೋದು ಬೇಡ ಅನ್ನು.”

“ಪೊಲೀಸ್‌ಗೆ ಬೇಡ್ವಾ?” ಅಂದಳು ಪ್ರಿಸ್ಕಾ, ನಗು ತಡೆದುಕೊಂಡು.

ಬೆರಿಲ್ ಹುಲ್ಲಿನ ಮೇಲೆ ಕಾಲು ಚಾಚಿ ಕೂತಳು. ಕಾಲುವೆಯ ನಿಯಮದ ಪ್ರಕಾರ ದೋಣಿ ಹದಿನಾಲ್ಕು ದಿನ ಇಲ್ಲೇ ನಿಂತರೂ ಯಾರೂ ಕೇಳುವುದಿಲ್ಲ. ಇವತ್ತು ಅವಳಿಗೆ ಇನ್ನೊಂದು ಕದ ತಳ್ಳುವ ಶಕ್ತಿ ಇಲ್ಲ, ಬಸ್ಸಿಗೇ ಹೋಗುವುದು.

“ವಾಪಸ್ ಹತ್ತಿಸ್ಬೇಕಲ್ಲ,” ಅಂದಳು. “ಹತ್ತೋದು ಇಳಿಯೋದಕ್ಕಿಂತ ಕಷ್ಟ. ಹೆಂಗೆ ಅಂತ ಹೇಳ್ಕೊಡು.”

“ಲಾಕ್ ವಿಷ್ಯ ನನ್ನೇನ್ ಕೇಳ್ತೀಯ? ಮೂವತ್ತೊಂದು ವರ್ಷದಲ್ಲಿ ನಾನು ಒಂದು ತೂಬೂ ಎತ್ತಿಲ್ಲ.”

“ಓಡ್ಸೋದು ಹೇಳ್ಕೊಡು ಹಂಗಾದ್ರೆ. ಹಿಂದಕ್ಕೆ.”

ಲೆನ್ ದೋಣಿ ನೋಡುತ್ತ ಯೋಚಿಸಿದ. ಅವನ ಬಲಗೈ ಗಾಲಿಕುರ್ಚಿಯ ತೋಳಿನ ಮೇಲೆ ಆಗಲೇ ಚುಕ್ಕಾಣಿ ಹಿಡಿದ ಹಾಗೆ ತಿರುಗುತ್ತಿತ್ತು.

“ಮುಂದಿನ್ ಗುರುವಾರ ಬೇಗ ಬಾ,” ಅಂದ. “ಒಂಬತ್ತಕ್ಕೆಲ್ಲ. ಮೊದ್ಲು ಇಲ್ಲೇ ಕಲೀಬೇಕು, ಆ ಸೇತುವೆವರೆಗೂ ಹಿಂದಕ್ಕೆ, ವಾಪಸ್ ಮುಂದಕ್ಕೆ, ನಾನು ಇಲ್ಲಿ ಕೂತು ನೋಡ್ತೀನಿ. ಓಟ್ಸ್ ದೋಸೆ ತಗೊಂಡ್ ಬಾ, ಇಲ್ಲಿನ ಊಟ ನಾಯಿನೂ ತಿನ್ನಲ್ಲ.”

“ಕೇಳಿಸ್ತು!” ಅಂದಳು ಪ್ರಿಸ್ಕಾ.

“ಎಷ್ಟು ತರ್ಲಿ?”

“ಆರು. ಈ ಹುಡ್ಗಿಗೂ ಎರಡು. ಚೀಸ್ ಜಾಸ್ತಿ ಹಾಕ್ಸು.”

“ಒಂಬತ್ತಕ್ಕೆ ಬರ್ತೀನಿ,” ಅಂದಳು ಬೆರಿಲ್, ಬಸ್ಸಿಗೆ ಏಳುತ್ತ.